ಧಾತು-ಈಶ್ವರ ಕ್ಷಾಮದಲ್ಲಿ ಧರ್ಮಕಾರ್ಯಗಳ ಕೂಡುವಿಕೆ: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯನ್ನು ಕುರಿತ ಒಂದು ವಿವೇಚನೆ

೧

ಮೈಸೂರು ಸಂಸ್ಥಾನದ ಇತಿಹಾಸವನ್ನು ಬರೆದವರೆಲ್ಲರೂ ೧೮೭೬-೭೮ರ ಮಹಾಕ್ಷಾಮವನ್ನು ಪ್ರಸ್ತಾಪಿಸಿದ್ದಾರೆ. ಆದರೆ ಅವರ ದೃಷ್ಟಿ ಬಹುಮಟ್ಟಿಗೆ ಸರ್ಕಾರದ ಕ್ರಮಗಳ ಮೇಲೆ ನೆಟ್ಟಿದೆ: ಖಜಾನೆಯಿಂದ ವೆಚ್ಚವಾದ ಹಣ, ಕಾಮಗಾರಿಗಳಲ್ಲಿ ದುಡಿದ ಜನ, ಮನ್ನಾ ಆದ ಕಂದಾಯ. ಅದೇ ಕಾಲದಲ್ಲಿ ಖಾಸಗಿ ಧರ್ಮಬುದ್ಧಿಯು ಏನು ಮಾಡಿತು, ಬೇರೆಬೇರೆಯಾಗಿದ್ದ ದಾನಗಳು ಒಂದುಗೂಡಿದ್ದು ಹೇಗೆ, ಒಂದುಗೂಡಿದ ಮೇಲೆ ಯಾರಿಗೆ ತಲಪಿದವು, ಯಾರಿಗೆ ತಲಪಲಿಲ್ಲ ಎಂಬ ಪ್ರಶ್ನೆಗಳು ಹಿಂದೆ ಉಳಿದಿವೆ. ಪ್ರಸ್ತುತ ಲೇಖನದಲ್ಲಿ ನಾವು ಈ ಪ್ರಶ್ನೆಗಳನ್ನು ಒಂದು ಸಣ್ಣ ಸೀಮೆಗೆ ಸಂಬಂಧಿಸಿದಂತೆ ವಿಚಾರ ಮಾಡಬಯಸುತ್ತೇವೆ.

ನಾವು ಆರಿಸಿಕೊಂಡಿರುವ ಸೀಮೆ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ. ಕ್ಷಾಮಕಾಲದಲ್ಲಿ ಇವು ನಂದಿದುರ್ಗ ವಿಭಾಗಕ್ಕೆ ಸೇರಿದ ಬೆಂಗಳೂರು ಜಿಲ್ಲೆಯ ಭಾಗವಾಗಿದ್ದವು. ೧೯೮೬ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿ, ೨೦೦೭ರಲ್ಲಿ ರಾಮನಗರ ಎಂಬ ಪ್ರತ್ಯೇಕ ಜಿಲ್ಲೆಯಾದವು. ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡುವ ನಿರ್ಣಯವನ್ನು ರಾಜ್ಯದ ಸಚಿವ ಸಂಪುಟವು ೨೦೨೫ರಲ್ಲಿ ಕೈಗೊಂಡಿತು. ಆಗಿನ ಕಾಗದಪತ್ರಗಳಲ್ಲಿ ರಾಮನಗರದ ಹೆಸರು ಕ್ಲೋಸ್‌ಪೇಟೆ, ಕನಕಪುರದ ಹೆಸರು ಕಾನಕಾನಹಳ್ಳಿ ಎಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಹೆಸರುಗಳು ಎಷ್ಟು ಬಾರಿ ಬದಲಾದರೂ ನೆಲದ ಸ್ವರೂಪ ಬದಲಾಗಲಿಲ್ಲ: ಬಂಡೆಗುಡ್ಡಗಳು, ಕುರುಚಲು ಕಾಡು, ಮಳೆಯನ್ನೇ ನಂಬಿದ ರಾಗಿಯ ಹೊಲಗಳು. ಮುಂದೆ ಹೇಳುವ ವಿಷಯಕ್ಕೆಲ್ಲ ಈ ನೆಲವೇ ಹಿನ್ನೆಲೆ.

೨

ಕ್ಷಾಮಕ್ಕೆ ಮುಂಚೆ ಈ ಸೀಮೆಯಲ್ಲಿ ದಾನಧರ್ಮಗಳಿಗೆ ಕೊರತೆಯಿರಲಿಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯುದ್ದಕ್ಕೂ ದಾರಿಗರಿಗಾಗಿ ಛತ್ರಗಳಿದ್ದವು. ಕ್ಲೋಸ್‌ಪೇಟೆಯೇ ಹೆದ್ದಾರಿಯ ರಕ್ಷಣೆಗಾಗಿ ಹುಟ್ಟಿದ ಊರು. ಕಾಡುಮೇಡುಗಳ ನಡುವೆ ಹಾದುಹೋಗುವ ದಾರಿಯನ್ನು ನಿರ್ಭಯವಾಗಿಸುವ ಸಲುವಾಗಿ ದಿವಾನ್ ಪೂರ್ಣಯ್ಯನವರು ೧೮೦೦ರಲ್ಲಿ ಅದನ್ನು ಕಟ್ಟಿಸಿ, ಬ್ರಿಟಿಷ್ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್‌ನ ಹೆಸರನ್ನಿಟ್ಟರು. ಮಾಗಡಿಯ ತಿರುಮಲೆಯ ರಂಗನಾಥ, ಮಳೂರಿನ ಅಪ್ರಮೇಯ ಮುಂತಾದ ದೇವಾಲಯಗಳಲ್ಲಿ ಪರ್ವದಿನಗಳ ಅನ್ನಸಂತರ್ಪಣೆ, ವೀರಶೈವ ಮಠಗಳಲ್ಲಿ ದಾಸೋಹ, ದರ್ಗಾಗಳಲ್ಲಿ ಉರುಸಿನ ಕಾಲದ ಅನ್ನದಾನ, ಬೇಸಗೆಯಲ್ಲಿ ಅರವಟ್ಟಿಗೆ, ಇವೆಲ್ಲವೂ ನಡೆದುಬಂದಿದ್ದವು. ಚನ್ನಪಟ್ಟಣದ ಉತ್ತರಕ್ಕೆ ಎರಡು ದೊಡ್ಡ ಗೋರಿಗಳಿರುವುದನ್ನು ಲೂಯಿ ರೈಸ್ ತನ್ನ ಗೆಜೆಟಿಯರಿನಲ್ಲಿ ಗುರುತಿಸಿದ್ದಾನೆ. ಒಂದು ಟಿಪ್ಪು ಸುಲ್ತಾನನ ಧರ್ಮಗುರುಗಳಾದ ಅಕೀಲ್ ಷಾ ಖಾದ್ರಿಯವರದು. ಇನ್ನೊಂದು ಬೆಂಗಳೂರಿನ ಕೋಟೆಯ ಅಧಿಪತಿಯಾಗಿದ್ದ ಸಯ್ಯದ್ ಇಬ್ರಾಹಿಮನದು. ಶತ್ರುಪಕ್ಷದ ಸೆರೆಯಾಳುಗಳಿಗೆ ಕರುಣೆ ತೋರಿದವನೆಂದು ಈತನಿಗೆ ಕೀರ್ತಿ ಬಂದಿತು. ಪರರ ಸಂಕಟಕ್ಕೆ ಮರುಗುವ ಗುಣವನ್ನು ಈ ನೆಲಕ್ಕೆ ಯಾರೂ ಹೊರಗಿನಿಂದ ತಂದು ಕಲಿಸಬೇಕಾಗಿರಲಿಲ್ಲ.

ಇವೆಲ್ಲಕ್ಕಿಂತ ಗಟ್ಟಿಯಾದ ಆಸರೆ ಹಳ್ಳಿಯ ಒಳಗೇ ಇದ್ದಿತು. ಸುಗ್ಗಿಯಲ್ಲಿ ಕಣದ ಮೇಲೆ ಆಯಗಾರರಿಗೆ ಸಲ್ಲುತ್ತಿದ್ದ ಪಾಲು, ಉಳ್ಳವರ ಹಗೇವಿನಿಂದ ಇಲ್ಲದವರಿಗೆ ಸಾಲವಾಗಿ ಸಿಗುತ್ತಿದ್ದ ರಾಗಿ, ಕೂಲಿಯಾಳಿಗೆ ಒಡೆಯನ ಮನೆಯ ಅಂಬಲಿ, ಇವುಗಳನ್ನು ದಾನವೆಂದು ಯಾರೂ ಕರೆಯುತ್ತಿರಲಿಲ್ಲ. ಆದರೂ ಬಡಕುಟುಂಬವೊಂದು ಒಂದು ವರ್ಷದ ಬೆಳೆಹಾನಿಯನ್ನು ದಾಟುತ್ತಿದ್ದುದು ಇವುಗಳ ಬಲದಿಂದಲೇ.

ಈ ವ್ಯವಸ್ಥೆಯ ಎರಡು ದೌರ್ಬಲ್ಯಗಳನ್ನು ಇಲ್ಲಿಯೇ ಹೇಳಬೇಕು. ಮೊದಲನೆಯದು, ಪ್ರತಿಯೊಂದು ಧರ್ಮವೂ ತನ್ನ ತನ್ನ ಬಳಗವನ್ನು ಮಾತ್ರ ನೋಡುತ್ತಿತ್ತು. ಛತ್ರವು ದಾರಿಗರನ್ನು, ಮಠವು ತನ್ನ ಭಕ್ತರನ್ನು, ಜಾತಿಯವರು ತಮ್ಮ ಜಾತಿಯವರನ್ನು ಸಾಕುತ್ತಿದ್ದರು. ಇವೆಲ್ಲದರ ಹೊರಗೆ ಉಳಿದವರಿಗೆ, ವಿಶೇಷವಾಗಿ ಊರಾಚೆ ಕೇರಿಗಳ ಜನರಿಗೆ, ಹೇಳಿಕೊಳ್ಳಲು ಬಾಗಿಲೇ ಇರಲಿಲ್ಲ. ಎರಡನೆಯದು, ಈ ಧರ್ಮಗಳೆಲ್ಲಕ್ಕೂ ಮೂಲ ಒಂದೇ: ಅದೇ ನೆಲದ ಬೆಳೆ. ಬೆಳೆ ಒಂದು ವರ್ಷ ತಪ್ಪಿದರೆ ದಾನಿ ಉಳಿಯುತ್ತಿದ್ದನು; ಎರಡು ಮೂರು ವರ್ಷ ತಪ್ಪಿದರೆ ದಾನಿಯೂ ಯಾಚಕನ ಸಾಲಿಗೇ ಬಂದು ನಿಲ್ಲುತ್ತಿದ್ದನು.

೩

ಆದದ್ದು ಅದೇ. ೧೮೭೫ರಲ್ಲಿ ಮಳೆ ಕಡಿಮೆಯಾಯಿತು. ೧೮೭೬ರಲ್ಲಿ ಮುಂಗಾರೂ ಹಿಂಗಾರೂ ಕೈಕೊಟ್ಟವು. ೧೮೭೭ರ ಮುಂಗಾರಿಗಾಗಿ ಸೆಪ್ಟೆಂಬರಿನವರೆಗೆ ಕಾಯಬೇಕಾಯಿತು. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದುದರಿಂದ ಜನರು ಇದನ್ನು ಆ ಸಂವತ್ಸರಗಳ ಹೆಸರಿನಿಂದಲೇ ನೆನೆದರು. ಅದೇ ವರ್ಷಗಳಲ್ಲಿ ಉತ್ತರ ಚೀನಾದಲ್ಲಿಯೂ ಬ್ರೆಜಿಲ್ ದೇಶದ ಈಶಾನ್ಯದಲ್ಲಿಯೂ ಘೋರ ಕ್ಷಾಮ ತಲೆದೋರಿತು. ಪೆಸಿಫಿಕ್ ಸಾಗರದ ಎಲ್ ನಿನೊ ಎಂಬ ತಾಪವಿಕೃತಿಗೂ ಈ ಅನಾವೃಷ್ಟಿಗಳಿಗೂ ಇರುವ ಸಂಬಂಧವನ್ನು ಇತ್ತೀಚಿನ ಹವಾಮಾನ ವಿಜ್ಞಾನಿಗಳು ಸ್ಥಾಪಿಸಿದ್ದಾರೆ.

ಆದರೆ ಅನಾವೃಷ್ಟಿಯೇ ಕ್ಷಾಮವಲ್ಲ. ಮದರಾಸಿನಿಂದ ಬೆಂಗಳೂರಿಗೆ ೧೮೬೪ರಿಂದಲೇ ರೈಲು ಓಡುತ್ತಿತ್ತು. ಕ್ಷಾಮಕಾಲದಲ್ಲಿ ಅದರ ಮೂಲಕ ಧಾನ್ಯವೂ ಬಂದಿತು. ಬೆಂಗಳೂರಿನಿಂದ ಮುಂದಕ್ಕೆ ಮಾತ್ರ ಎತ್ತಿನ ಗಾಡಿಯೊಂದೇ ಗತಿ. ಮೇವಿಲ್ಲದೆ ಎತ್ತುಗಳು ಸತ್ತಂತೆಲ್ಲ ಗಾಡಿಗಳು ನಿಂತವು. ಹೆದ್ದಾರಿಯ ಮೇಲಿದ್ದ ಕ್ಲೋಸ್‌ಪೇಟೆ, ಚನ್ನಪಟ್ಟಣಗಳ ಸ್ಥಿತಿಗೂ ಗುಡ್ಡಕಾಡುಗಳ ನಡುವಿದ್ದ ಮಾಗಡಿ, ಕಾನಕಾನಹಳ್ಳಿಗಳ ಸ್ಥಿತಿಗೂ ಇದರಿಂದ ಭೇದವುಂಟಾಯಿತೆಂದು ಊಹಿಸುವುದು ಅಯುಕ್ತವಲ್ಲ. ಹಸಿದವನಿಗೂ ಧಾನ್ಯದ ಮೂಟೆಗೂ ನಡುವಣ ದೂರವು ಮೈಲಿಗಳಲ್ಲಿ ಅಳೆಯತಕ್ಕದ್ದಾಯಿತು.

ಮೊದಲು ಬಿದ್ದವರು ಯಾರು ಎಂಬುದು ಮುಖ್ಯವಾದ ಪ್ರಶ್ನೆ. ಅಮರ್ತ್ಯ ಸೇನರು ೧೯೮೧ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಕ್ಷಾಮವೆಂದರೆ ಆಹಾರವಿಲ್ಲದಿರುವುದು ಮಾತ್ರವಲ್ಲ, ಇರುವ ಆಹಾರವನ್ನು ಪಡೆಯುವ ಶಕ್ತಿ ಕೆಲವು ವರ್ಗಗಳಿಗೆ ತಪ್ಪಿಹೋಗುವುದು ಎಂದು ತೋರಿಸಿಕೊಟ್ಟರು. ಚನ್ನಪಟ್ಟಣಕ್ಕೆ ಈ ಮಾತನ್ನು ಅನ್ವಯಿಸಿ ನೋಡಬಹುದು. ಅರಗು ಬಣ್ಣದ ಗೊಂಬೆ, ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ, ಗಾಜಿನ ಬಳೆ, ಇವು ಆ ಊರಿನ ಹೆಸರಾಂತ ಕಸುಬುಗಳು. ರಾಗಿಯ ಬೆಲೆ ಹಲವು ಮಡಿ ಏರಿದಾಗ ಗೊಂಬೆಯನ್ನೂ ಬಳೆಯನ್ನೂ ಕೊಳ್ಳುವವರಾರು? ರೈತನು ಹಗೇವು ಬರಿದಾಗುವವರೆಗೆ ಬದುಕಬಲ್ಲನು. ಕಸುಬಿನವನಿಗೆ ಹಗೇವೇ ಇಲ್ಲ. ಆಯಗಾರನಿಗೆ ಕಣವಿಲ್ಲದ ಮೇಲೆ ಪಾಲಿಲ್ಲ. ಕೂಲಿಯಾಳಿಗೆ ಉಳುಮೆಯಿಲ್ಲದ ಮೇಲೆ ಅಂಬಲಿಯಿಲ್ಲ. ಹೀಗೆ ಹಳ್ಳಿಯ ಒಳಗಿನ ಆಸರೆಗಳು ಒಂದರ ಹಿಂದೊಂದು ಕಳಚಿಕೊಂಡವು.

೪

ಸರ್ಕಾರದ ಕಡೆಯಿಂದ ಮೊದಲು ಬಂದುದು ಬೇಯಿಸಿದ ಅನ್ನ. ಮೈಸೂರು ಆಗ ಕಮಿಷನರ ಆಡಳಿತದಲ್ಲಿತ್ತು. ಹತ್ತನೆಯ ಚಾಮರಾಜೇಂದ್ರ ಒಡೆಯರು ಅಪ್ರಾಪ್ತ ವಯಸ್ಕರು. ಚೀಫ್ ಕಮಿಷನರನಾದ ಸಾಂಡರ್ಸನ ಆಡಳಿತವು ಸಂಸ್ಥಾನದಾದ್ಯಂತ ಗಂಜಿಯ ಕೇಂದ್ರಗಳನ್ನು ತೆರೆಯಿತು. ಮದರಾಸು ಪ್ರಾಂತದಲ್ಲಿ ಕಾಮಗಾರಿಯ ಕೂಲಿಗೆ ಪ್ರಾಧಾನ್ಯ. ಮೈಸೂರಿನಲ್ಲಿ ಗಂಜಿಗೆ ಪ್ರಾಧಾನ್ಯ. ಮದರಾಸಿನಲ್ಲಿ ರಿಚರ್ಡ್ ಟೆಂಪಲ್ಲನು ದಿನಕ್ಕೆ ಒಂದು ಪೌಂಡು ಧಾನ್ಯದ ಲೆಕ್ಕದಲ್ಲಿ ಗೊತ್ತುಮಾಡಿದ ಕೂಲಿಯನ್ನು ವೈದ್ಯಾಧಿಕಾರಿಯಾದ ಕಾರ್ನಿಷ್ ಬಲವಾಗಿ ವಿರೋಧಿಸಿದುದು ಪ್ರಸಿದ್ಧವಾಗಿದೆ.

ಗಂಜಿಯ ಕೇಂದ್ರವು ಅಸಂಖ್ಯ ಪ್ರಾಣಗಳನ್ನು ಉಳಿಸಿತು. ಆದರೆ ಅದಕ್ಕೊಂದು ಅಂತರ್ಗತ ದೋಷವಿತ್ತು: ಅದು ವ್ಯಕ್ತಿಯನ್ನು ಕಂಡಿತು, ಕುಟುಂಬವನ್ನು ಕಾಣಲಿಲ್ಲ. ಅನ್ನ ಬೇಕಾದವನು ಮನೆ ಬಿಟ್ಟು ನಡೆದುಬರಬೇಕು, ಸಾಲಿನಲ್ಲಿ ಕುಳಿತು ಅಲ್ಲಿಯೇ ಉಣ್ಣಬೇಕು. ನಡೆಯಲಾರದ ಮುದುಕಿ ಮನೆಯಲ್ಲಿಯೇ ಉಳಿದಳು. ಗೋಷೆಯ ಹೆಂಗಸು ಹೊರಗೆ ಬರಲಿಲ್ಲ. ಚನ್ನಪಟ್ಟಣದ ಶುಕ್ರವಾರಪೇಟೆಯಂತಹ ಮುಸಲ್ಮಾನರ ಪೇಟೆಗಳಲ್ಲಿ ಇದು ಸಣ್ಣ ತೊಡಕಲ್ಲ. ಎಲ್ಲ ಜಾತಿಯವರೂ ಒಟ್ಟಿಗೆ ಕುಳಿತು ಯಾರೋ ಬೇಯಿಸಿದುದನ್ನು ಉಣ್ಣುವುದಕ್ಕಿಂತ ಸಾಯುವುದೇ ಲೇಸೆಂದವರೂ ಇದ್ದರು. ಇದನ್ನು ಇಂದು ನಾವು ಮೂಢತನವೆಂದು ತಳ್ಳಿಬಿಡಬಹುದು. ಆದರೆ ಮಾನವೂ ಅನ್ನದಂತೆಯೇ ಒಂದು ಅವಶ್ಯಕತೆಯೆಂಬುದನ್ನು ಮರೆತ ಧರ್ಮಕಾರ್ಯವು ಅರ್ಧ ಊರನ್ನು ತಲಪುವುದಿಲ್ಲ ಎಂಬ ಪಾಠವೂ ಅದರಲ್ಲಿಯೇ ಅಡಗಿದೆ.

ಮತ್ತೊಂದು ಹಾನಿಯೂ ಸಂಭವಿಸಿತು. ಗಂಜಿಗಾಗಿ ಹೊರಟ ಕುಟುಂಬವು ಮನೆಯ ಬಾಗಿಲು, ತೊಲೆ, ನೇಗಿಲುಗಳನ್ನು ಮಾರಿ ಹೊರಡುತ್ತಿತ್ತು. ಮಳೆ ಬಂದಾಗ ಬದುಕಿ ಹಿಂದಿರುಗಿದರೂ ಅವರಿಗೆ ಮನೆಯಿಲ್ಲ, ಎತ್ತಿಲ್ಲ, ಬೀಜವಿಲ್ಲ. ಜೀವ ಉಳಿಸಿದ ನೆರವು ಜೀವನವನ್ನು ಉಳಿಸಲಿಲ್ಲ.

೫

ಈ ಕೊರತೆಯನ್ನು ತುಂಬಲು ಬಂದುದೇ ಖಾಸಗಿ ದಾನಗಳ ಒಕ್ಕೂಟ. ೧೮೭೭ರ ಆಗಸ್ಟ್ ೪ರಂದು ಮದರಾಸಿನಲ್ಲಿ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕನ ಅಧ್ಯಕ್ಷತೆಯಲ್ಲಿ ಸಾರ್ವಜನಿಕ ಸಭೆ ಸೇರಿ ಬ್ರಿಟನ್ನಿಗೆ ಮೊರೆಯಿಟ್ಟಿತು. ಲಂಡನ್ನಿನ ಮೇಯರನು ತನ್ನ ಅಧಿಕೃತ ನಿವಾಸವಾದ ಮ್ಯಾನ್ಷನ್ ಹೌಸಿನಲ್ಲಿ ನಿಧಿಯನ್ನು ತೆರೆದನು. ೬ ಲಕ್ಷ ಪೌಂಡುಗಳಿಗೂ ಮೀರಿ ಹಣ ಕೂಡಿತು. ಆಸ್ಟ್ರೇಲಿಯದ ವಸಾಹತುಗಳಿಂದಲೂ ದೇಣಿಗೆ ಬಂದಿತು. ಈ ನಿಧಿಯ ಕಾರ್ಯದರ್ಶಿಯಾಗಿದ್ದ ವಿಲಿಯಂ ಡಿಗ್ಬಿಯು ೧೮೭೮ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳು ಈ ವಿಷಯಕ್ಕೆ ಮುಖ್ಯ ಆಧಾರಗಳಾಗಿವೆ.

ಈ ಮೊರೆಯು ಸರಾಗವಾಗಿ ಹೊರಡಲಿಲ್ಲ. ೧೮೭೭ರ ಆರಂಭದಲ್ಲಿ ಇಂತಹ ಸಾರ್ವಜನಿಕ ವಂತಿಗೆಗೆ ಭಾರತ ಸರ್ಕಾರವೇ ಅಡ್ಡಿಯಾಗಿತ್ತು. ಖಾಸಗಿ ದಾನವು ಸರ್ಕಾರದ ಕ್ರಮಗಳೊಡನೆ ತಾಕಲಾಡುವುದು, ಕಾಮಗಾರಿಗೆ ಬರಬೇಕಾದವರು ದಾನದ ಕಡೆಗೆ ತಿರುಗುವರು ಎಂಬುದು ವೈಸ್‌ರಾಯ್ ಲಿಟ್ಟನ್ನನ ಶಂಕೆ. ಅಂತಹ ಶಂಕೆಗೆ ಆ ಕಾಲದ ಯೂರೋಪಿನಲ್ಲಿಯೂ ಬೆಂಬಲವಿದ್ದಿತು. ಲಂಡನ್ನಿನಲ್ಲಿ ೧೮೬೯ರಲ್ಲಿ ಹುಟ್ಟಿದ ದಾನಸಂಘಟನಾ ಸಂಘವು ದಾನಗಳು ಒಂದರ ಮೇಲೊಂದು ಬೀಳದಂತೆ ನೋಡಿಕೊಳ್ಳುವುದನ್ನೂ ಯೋಗ್ಯರನ್ನು ಅಯೋಗ್ಯರಿಂದ ಬೇರ್ಪಡಿಸುವುದನ್ನೂ ತನ್ನ ಗುರಿಯಾಗಿಸಿಕೊಂಡಿತ್ತು. ಜರ್ಮನಿಯ ಎಲ್ಬರ್‌ಫೆಲ್ಡ್ ನಗರವು ೧೮೫೩ರಿಂದ ಬೇರೊಂದು ದಾರಿಯನ್ನು ಹಿಡಿದಿತ್ತು: ಊರನ್ನು ಸಣ್ಣ ಸಣ್ಣ ಕೇರಿಗಳಾಗಿ ವಿಂಗಡಿಸಿ, ಒಬ್ಬೊಬ್ಬ ನಾಗರಿಕನಿಗೆ ಕೆಲವೇ ಕುಟುಂಬಗಳ ಹೊಣೆಯನ್ನು ವಹಿಸುವುದು. ಮೊದಲನೆಯದರ ಮೂಲದಲ್ಲಿ ಸಂದೇಹವಿದೆ. ಎರಡನೆಯದರ ಮೂಲದಲ್ಲಿ ಪರಿಚಯವಿದೆ. ದಾನಗಳು ಒಂದುಗೂಡುವುದಕ್ಕೆ ಈ ಎರಡೂ ದಾರಿಗಳುಂಟೆಂಬುದನ್ನು ನಾವು ಗಮನಿಸಬೇಕು.

ಆಗಸ್ಟಿನ ಕೊನೆಯಲ್ಲಿ ಲಿಟ್ಟನ್ನನು ದಕ್ಷಿಣಕ್ಕೆ ಬಂದ ಮೇಲೆ ಒಂದು ಒಪ್ಪಂದ ಏರ್ಪಟ್ಟಿತು. ಪ್ರಾಣರಕ್ಷಣೆಯು ಸರ್ಕಾರದ ಹೊಣೆ. ಅದಕ್ಕೆ ಆಚೆಗಿನದು ದಾನದ ಹೊಣೆ. ಮಕ್ಕಳ ಪೋಷಣೆ, ಬಟ್ಟೆ, ಮನೆ ಬಿಟ್ಟು ಬರಲಾರದ ಮಾನವಂತರಿಗೆ ಗುಟ್ಟಾದ ನೆರವು, ಮಳೆ ಬಂದ ಮೇಲೆ ರೈತನಿಗೆ ಬೀಜ, ಎತ್ತು, ಮನೆಯ ಮಾಡಿಗೆ ಹೊದಿಕೆ, ಇವು ನಿಧಿಯ ಪಾಲಿಗೆ ಬಂದವು. ಸಂಸ್ಥಾನದ ಹಂಚಿಕೆಗೆ ಬೆಂಗಳೂರಿನಲ್ಲಿ ಸಮಿತಿ ಏರ್ಪಟ್ಟಿತು. ಊರೂರಿಗೆ ಹಣ ತಲಪಬೇಕಾದದ್ದು ಸ್ಥಳೀಯ ಸಮಿತಿಗಳ ಕೈಯಿಂದ. ಅಧಿಕಾರಿಗಳು, ಪಾದ್ರಿಗಳು, ವರ್ತಕರು, ಊರಿನ ಗೌರವಸ್ಥರು ಒಂದೇ ಸಮಿತಿಯಲ್ಲಿ ಕುಳಿತು ಒಂದೇ ಪಟ್ಟಿಯನ್ನು ನೋಡತಕ್ಕ ಸಂದರ್ಭ ಒದಗಿತು.

ಆ ಪಟ್ಟಿಯೇ ನಮ್ಮ ದೃಷ್ಟಿಯಲ್ಲಿ ಈ ಪ್ರಕರಣದ ಹೊಸತನ. ಲಂಡನ್ನಿನಿಂದ ಬಂದ ಹಣಕ್ಕೆ ಚನ್ನಪಟ್ಟಣದ ಗಲ್ಲಿಯಲ್ಲಿ ಯಾವ ಮನೆಯ ಒಲೆ ಹೊತ್ತಿಲ್ಲವೆಂಬುದು ತಿಳಿಯದು. ಅದು ತಿಳಿದಿದ್ದವರು ಪಟೇಲರು, ಶಾನುಭೋಗರು, ಅಂಗಡಿಯವರು, ನೆರೆಯ ಹೆಂಗಸರು. ದೂರದ ಹಣವೂ ಹತ್ತಿರದ ತಿಳಿವಳಿಕೆಯೂ ಕೂಡಿದಾಗ ಮಾತ್ರ ದಾನವು ಕೇಂದ್ರದ ಸಾಲಿನಿಂದ ಮನೆಯ ಹೊಸ್ತಿಲಿಗೆ ಬರಲು ಸಾಧ್ಯ. ಹಳೆಯ ಧರ್ಮಗಳಲ್ಲಿ ತಿಳಿವಳಿಕೆಯಿತ್ತು, ಹಣ ಬತ್ತಿತು. ಸರ್ಕಾರದಲ್ಲಿ ಹಣವಿತ್ತು, ತಿಳಿವಳಿಕೆಯಿರಲಿಲ್ಲ. ಸಮಿತಿಯು ಇವೆರಡನ್ನು ಜೋಡಿಸುವ ಕೊಂಡಿಯಾಯಿತು.

ಹಾಗೆಂದು ಅದನ್ನು ನಿರ್ದುಷ್ಟವೆಂದು ಹೇಳಲಾಗದು. ಊರಿನ ಗೌರವಸ್ಥರೇ ಪಟ್ಟಿ ಮಾಡುವಾಗ ಅವರ ಕಣ್ಣಿಗೆ ಬೀಳದವರು ಪಟ್ಟಿಗೂ ಬೀಳುವುದಿಲ್ಲ. ಬೀಜಕ್ಕೂ ಎತ್ತಿಗೂ ಹಣ ಕೊಟ್ಟರೆ ಅದು ಹೊಲವುಳ್ಳವನಿಗೆ ಸಲ್ಲುತ್ತದೆ. ಹೊಲವಿಲ್ಲದ ಕೂಲಿಯಾಳಿಗೂ ಕೊಳ್ಳುವವರಿಲ್ಲದ ಗೊಂಬೆಗಾರನಿಗೂ ಅದರಿಂದ ನೇರವಾದ ಪ್ರಯೋಜನವಿಲ್ಲ. ಎಲ್ಲಕ್ಕಿಂತ ದೊಡ್ಡ ದೋಷವೆಂದರೆ ಕಾಲ. ನಿಧಿಯು ತೆರೆದದ್ದು ಕ್ಷಾಮದ ಎರಡನೆಯ ವರ್ಷದಲ್ಲಿ. ಸೆಪ್ಟೆಂಬರಿನಲ್ಲಿ ಮಳೆ ಬಂದಾಗ ಅದರ ಬೆನ್ನಿಗೇ ಜ್ವರವೂ ಬಂದು, ಹಸಿವಿನಿಂದ ಬಸವಳಿದಿದ್ದ ದೇಹಗಳನ್ನು ಹೊತ್ತುಕೊಂಡು ಹೋಯಿತು. ೧೮೭೧ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ ೫೦,೫೫,೪೧೨ ಇದ್ದುದು ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿದಿತ್ತು. ೮,೬೯,೨೨೪ ಜನರ ಈ ಇಳಿಕೆಯು ನಿವ್ವಳ ಲೆಕ್ಕ; ಸತ್ತವರ ಸಂಖ್ಯೆ ಹತ್ತು ಲಕ್ಷದಷ್ಟೆಂದು ಅಂದಾಜಿಸಲಾಗಿದೆ. ಎಂಟು ತಿಂಗಳು ಮೊದಲು ಈ ಕೂಡುವಿಕೆ ನಡೆದಿದ್ದರೆ ಎಂಬ ಪ್ರಶ್ನೆಯನ್ನು ಇತಿಹಾಸಕಾರನು ಉತ್ತರಿಸಲಾರನು. ಆದರೆ ಕೇಳದೆ ಮುಂದೆ ಹೋಗುವುದೂ ಧರ್ಮವಲ್ಲ.

೬

ಕ್ಷಾಮವು ಈ ಸೀಮೆಯಲ್ಲಿ ಎರಡು ಶಾಶ್ವತ ಗುರುತುಗಳನ್ನು ಬಿಟ್ಟಿತು. ಒಂದು ರೈಲುದಾರಿ. ಲಿಟ್ಟನ್ನನ ಭೇಟಿಯ ತರುವಾಯ ಚಾರ್ಲ್ಸ್ ಎಲಿಯಟ್ಟನು ಮೈಸೂರಿನ ಕ್ಷಾಮಾಧಿಕಾರಿಯಾಗಿ ಬಂದನು. ಗಂಜಿ ಕೇಂದ್ರಗಳಲ್ಲಿದ್ದವರ ಪೈಕಿ ಶಕ್ತರನ್ನು ದೊಡ್ಡ ಕಾಮಗಾರಿಗಳಿಗೆ ಸಾಗಿಸುವುದು ಅವನ ನೀತಿ. ಬೆಂಗಳೂರು-ಮೈಸೂರು ರೈಲುದಾರಿಯ ಮಣ್ಣಿನ ಕೆಲಸವು ಹೀಗೆ ಕ್ಷಾಮನಿವಾರಣೆಯ ಕಾಮಗಾರಿಯಾಗಿ ಆರಂಭವಾಯಿತು. ಕ್ಲೋಸ್‌ಪೇಟೆ, ಚನ್ನಪಟ್ಟಣಗಳ ಮೂಲಕ ಹಾದ ಆ ದಾರಿಯು ೧೮೮೨ರಲ್ಲಿ ಮೈಸೂರನ್ನು ಮುಟ್ಟಿತು. ಇಂದು ರಾಮನಗರದ ಬಂಡೆಗಳ ನಡುವೆ ರೈಲಿನಲ್ಲಿ ಹಾದುಹೋಗುವ ವಿದ್ಯಾರ್ಥಿಯು, ಆ ಏರಿಗೆ ಮೊದಲು ಮಣ್ಣು ಹೊತ್ತವರು ಹಸಿದವರೆಂಬುದನ್ನು ಒಮ್ಮೆ ನೆನೆಯಬೇಕು.

ಇನ್ನೊಂದು ಅನಾಥ ಮಕ್ಕಳ ಪ್ರಶ್ನೆ. ತಂದೆತಾಯಿಗಳು ಸತ್ತ, ಅಥವಾ ದಾರಿಯಲ್ಲಿ ಅಗಲಿದ ಮಕ್ಕಳನ್ನು ಕ್ರೈಸ್ತ ಮಿಷನ್ನುಗಳು ವಹಿಸಿಕೊಂಡವು. ವೆಸ್ಲಿಯನ್ ಮಿಷನ್ನಿನವರು ತುಮಕೂರಿನಲ್ಲಿ ಹುಡುಗರಿಗೂ ಹಾಸನದಲ್ಲಿ ಹುಡುಗಿಯರಿಗೂ ಅನಾಥಾಲಯಗಳನ್ನು ನಡೆಸಿದರು. ಕ್ಯಾಥೊಲಿಕ್ ಮಿಷನ್ನಿನವರು ನೆಲಮಂಗಲದ ಕಡೆ ಸಿಲುವೇಪುರವನ್ನೂ ಕಾನಕಾನಹಳ್ಳಿಯ ಕಡೆ ಮರಿಯಾಪುರವನ್ನೂ ಬೇಸಾಯದ ನೆಲೆಗಳಾಗಿ ಬೆಳೆಸಿದರು. ಮಕ್ಕಳ ಪ್ರಾಣ ಉಳಿಯಿತು, ಬದುಕಿಗೆ ಕಸುಬು ದೊರೆಯಿತು. ಜೊತೆಗೆ ಅವರ ಮತವೂ ಬದಲಾಯಿತು. ಇದನ್ನು ಹೊಗಳುವುದಾಗಲಿ ಹಳಿಯುವುದಾಗಲಿ ನಮ್ಮ ಉದ್ದೇಶವಲ್ಲ. ದಾನ ಕೊಡುವವನು ತನ್ನ ಲೋಕವನ್ನೂ ಜೊತೆಗೆ ತರುತ್ತಾನೆಂಬುದು ಮಠಕ್ಕೂ ದರ್ಗಾಕ್ಕೂ ಮಿಷನ್ನಿಗೂ ಸಮಾನವಾಗಿ ಅನ್ವಯಿಸುವ ಸಂಗತಿ. ಹಲವು ಧರ್ಮಗಳ ಜನ ಕೂಡಿ ನಡೆಸುವ ಸಮಿತಿಯ ಹೆಚ್ಚಳವಾದರೂ ಇಲ್ಲಿಯೇ ಇದೆ: ಅಲ್ಲಿ ಪಡೆಯುವವನು ಯಾರೊಬ್ಬರ ಋಣಕ್ಕೂ ಸಂಪೂರ್ಣವಾಗಿ ಒಳಗಾಗುವುದಿಲ್ಲ.

ಸಂಸ್ಥಾನವು ೧೮೮೧ರ ಮಾರ್ಚ್ ೨೫ರಂದು ಒಡೆಯರ ಕೈಗೆ ಹಿಂದಿರುಗಿದಾಗ ಅದರ ತಲೆಯ ಮೇಲೆ ೮೦ ಲಕ್ಷ ರೂಪಾಯಿಗಳ ಕ್ಷಾಮದ ಸಾಲವಿದ್ದಿತು. ದಿವಾನ್ ರಂಗಾಚಾರ್ಲು ಅವರು ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. ತಾಲ್ಲೂಕಿನ ಸ್ಥಿತಿಯನ್ನು ತಾಲ್ಲೂಕಿನವರ ಬಾಯಿಂದಲೇ ಕೇಳಬೇಕೆಂಬ ಆ ಸಭೆಯ ತತ್ತ್ವಕ್ಕೆ ಕ್ಷಾಮದ ಕಹಿ ಅನುಭವವೂ ಒಂದು ಪ್ರೇರಣೆಯಾಗಿರಬಹುದೆಂದು ನಮಗೆ ತೋರುತ್ತದೆ. ೧೯೦೫ರ ಸಹಕಾರ ಸಂಘಗಳ ಕಾಯಿದೆಯು ಊರವರೇ ಕೂಡಿ ಬಂಡವಾಳ ಮಾಡಿಕೊಳ್ಳುವುದಕ್ಕೆ ದಾರಿ ತೆರೆಯಿತು.

೭

ಇಷ್ಟು ವಿವೇಚನೆಯಿಂದ ನಾವು ಮೂರು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಒಂದೇ ನೆಲದ ಬೆಳೆಯನ್ನು ನಂಬಿದ ದಾನಗಳು ಆ ನೆಲಕ್ಕೆ ವಿಪತ್ತು ಬಂದಾಗ ಒಟ್ಟಿಗೆ ಬತ್ತುತ್ತವೆ. ದೂರದ ಮೂಲಗಳೊಡನೆ ಮುಂಚಿತವಾಗಿಯೇ ಸಂಬಂಧವಿರಬೇಕು. ಎರಡನೆಯದಾಗಿ, ನೆರವಿನ ಘಟಕವು ಕುಟುಂಬವಾಗಬೇಕು. ಒಬ್ಬನಿಗೆ ಊಟವಿಕ್ಕಿ ಅವನ ಮನೆ ಮುರಿಯುವುದನ್ನು ನೋಡುತ್ತ ಕೂಡುವುದು ಅರೆಧರ್ಮ. ಮೂರನೆಯದಾಗಿ, ಕೂಡುವಿಕೆಯ ಫಲವು ಪಟ್ಟಿಯ ಪ್ರಾಮಾಣಿಕತೆಯನ್ನು ಅವಲಂಬಿಸಿದೆ. ಪಟ್ಟಿ ಮಾಡುವವರ ನಡುವೆ ಕೇರಿಯವನೂ ಕಸುಬಿನವನೂ ಹೆಂಗಸೂ ಇಲ್ಲದಿದ್ದರೆ ಅತ್ಯಂತ ದೊಡ್ಡ ನಿಧಿಯೂ ಅತ್ಯಂತ ಬಡವನನ್ನು ದಾಟಿ ಹೋಗುತ್ತದೆ.

ಹನಿಹನಿಗೂಡಿದರೆ ಹಳ್ಳ, ತೆನೆತೆನೆಗೂಡಿದರೆ ಬಳ್ಳ ಎಂಬುದು ನಮ್ಮ ಜನದ ಮಾತು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ೧೯೦೭ರಲ್ಲಿ ಜನಿಸಿದ ಶ್ರೀ ಶಿವಕುಮಾರ ಸ್ವಾಮಿಗಳು ತುಮಕೂರಿನ ಸಿದ್ಧಗಂಗಾ ಮಠದಲ್ಲಿ ೨೦೧೯ರಲ್ಲಿ ದೇಹ ಬಿಡುವವರೆಗೆ ನಡೆಸಿದ ದಾಸೋಹವು ಈ ಮಾತಿಗೆ ಪ್ರತ್ಯಕ್ಷ ನಿದರ್ಶನ. ಹಳ್ಳಿಹಳ್ಳಿಯ ಭಕ್ತರು ತಂದ ದವಸದಿಂದ ಎಲ್ಲ ಜಾತಿಮತಗಳ ಸಾವಿರಾರು ಮಕ್ಕಳು ಅಲ್ಲಿ ದಿನವೂ ಉಂಡರು. ಆದರೆ ಗಾದೆಯು ಹೇಳದ ಒಂದು ಮಾತನ್ನು ಕ್ಷಾಮದ ಇತಿಹಾಸವು ಸೇರಿಸುತ್ತದೆ: ಹನಿಗಳು ಕೂಡಿದರೆ ಸಾಲದು, ಬಾಯಾರಿದವನು ಇನ್ನೂ ಬದುಕಿರುವಾಗಲೇ ಕೂಡಬೇಕು. ೨೦೨೦ರ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿ, ಕೂಲಿಯವರು ಹೆದ್ದಾರಿಗಳಲ್ಲಿ ನಡೆದು ಹೊರಟಾಗ ೧೮೭೭ರ ಪ್ರಶ್ನೆಗಳೇ ಮತ್ತೆ ಎದ್ದು ನಿಂತವು. ಯಾವ ಮನೆಯ ಒಲೆ ಹೊತ್ತಿಲ್ಲ, ಅದನ್ನು ಬಲ್ಲವರು ಯಾರು, ಅವರ ಮಾತನ್ನು ಕೇಳುವವರು ಯಾರು? ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳಲ್ಲಿ ಓದುತ್ತಿರುವ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಛತ್ರ, ಮಠ, ದರ್ಗಾ, ಇಗರ್ಜಿಗಳ ಹಳೆಯ ಲೆಕ್ಕದ ಪುಸ್ತಕಗಳನ್ನು ಅರಸಿ ಓದಿದರೆ, ಇತಿಹಾಸಕ್ಕೆ ಸೇವೆ ಸಲ್ಲಿಸಿದಂತಾಗುವುದಲ್ಲದೆ, ಮುಂದಿನ ಪಟ್ಟಿಯನ್ನು ಬರೆಯುವ ಕೈಗಳಿಗೂ ತಿಳಿವಳಿಕೆ ಬಂದಂತಾಗುವುದು.